ಒಂಟಿ ಮನೆಗೊಂದು ರಿವಾಲ್ವರ್: ಮೂಡಿಗೆರೆ ಕಡೆಯ ಒಂದು ಪ್ರಕರಣ

2024ರ ಮೇ ತಿಂಗಳ ಮೂರನೇ ವಾರ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಹೊಡೆದು ಸಂಜೆಯೇ ಕರೆಂಟು ಹೋಗಿತ್ತು. ರಾತ್ರಿ ಒಂದೂವರೆ ಹೊತ್ತಿಗೆ ನನ್ನ ಅಕ್ಕನ ಮನೆಯ ಹಿಂಬಾಗಿಲನ್ನು ಯಾರೋ ತಳ್ಳಿದರು. ಬಡಿಯಲಿಲ್ಲ, ಕೂಗಲಿಲ್ಲ, ಹೆಗಲು ಕೊಟ್ಟು ತಳ್ಳಿದರು. ಅಗಳಿ ಬೀಟೆಯದ್ದು, ತಡೆಯಿತು. ಎರಡನೇ ಸಲ ತಳ್ಳಿದಾಗ ಬಚ್ಚಲು ಮನೆಯ ಕಡೆ ಕಟ್ಟಿದ್ದ ನಾಯಿ ಬೊಗಳಲು ಶುರು ಮಾಡಿತು. ಭಾವ ಎದ್ದು ಟಾರ್ಚಿಗೆ ತಡಕಾಡಿದರು, ಸಿಗಲಿಲ್ಲ. ಅಕ್ಕ ಫೋನ್ ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡಿದಳು, ಟವರಿಗೂ ಕರೆಂಟಿಲ್ಲದೆ ಸಿಗ್ನಲ್ ಬರಲಿಲ್ಲ. ಅತ್ತೆ, ಅಂದರೆ ಭಾವನ ತಾಯಿ, 84 ವರ್ಷದವರು, ಹಲಗೆ ಗೋಡೆಯ ಆಚೆಯಿಂದ ‘ಯಾರು, ಯಾರು’ ಎಂದು ಕೇಳುತ್ತಲೇ ಇದ್ದರು. ಹತ್ತು ನಿಮಿಷದ ಮೇಲೆ ಹೆಜ್ಜೆ ಸದ್ದು ಕಣದ ಕಡೆ ಸರಿದು ನಿಂತಿತು. ಬೆಳಿಗ್ಗೆ ನೋಡಿದರೆ ಕೆಸರಲ್ಲಿ ಮೂರು ಜನರ ಕಾಲಿನ ಗುರುತು, ಬಾಗಿಲ ಸಂದಿಯಲ್ಲಿ ಗುದ್ದಲಿಯ ಬಾಯಿಯಷ್ಟು ಅಗಲದ ಮೀಟಿದ ಕಲೆ.

ಭಾವನ ಹತ್ತಿರ ಜೋಡುನಳಿಗೆ ತೋಟೆ (ಕಾರ್ಟ್ರಿಜ್) ಕೋವಿ ಇದೆ. ಆದರೆ ಆ ರಾತ್ರಿ ಅದು ಮನೆಯಲ್ಲಿರಲಿಲ್ಲ. ಲೋಕಸಭೆ ಚುನಾವಣೆಗೆ ಮಾರ್ಚ್ 16ರಂದು ನೀತಿ ಸಂಹಿತೆ ಬಂದ ಮೇಲೆ ಊರಿನವರೆಲ್ಲರ ಹಾಗೆ ಅವರೂ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಂದಿದ್ದರು. ನಮ್ಮ ಕ್ಷೇತ್ರದ ಮತದಾನ ಏಪ್ರಿಲ್ 26ಕ್ಕೇ ಮುಗಿದಿದ್ದರೂ ಎಣಿಕೆ ಜೂನ್ 4ಕ್ಕೆ. ಅಲ್ಲಿಯವರೆಗೆ ಕೋವಿ ವಾಪಸ್ ಬರುವುದಿಲ್ಲ.

ಮಾರನೇ ದಿನ ಭಾವ ಫೋನ್ ಮಾಡಿದರು. ‘ಒಂದು ಸಣ್ಣ ಪಿಸ್ತೂಲು ಕೊಡಿಸು ಮಾರಾಯ. ದಿಂಬಿನ ಅಡಿಗೆ ಇಟ್ಟುಕೊಳ್ಳುವಂಥದ್ದು. ಯಾವುದು ಒಳ್ಳೆಯದು ಅಂತ ನೀನೇ ಹೇಳು.’

ನನ್ನನ್ನು ಕೇಳಿದ್ದಕ್ಕೆ ಕಾರಣವಿದೆ. 28 ವರ್ಷ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿದ್ದವನು ನಾನು. ಅದರಲ್ಲಿ ಹೆಚ್ಚಿನ ವರ್ಷ ಕಳೆದದ್ದು ಶಸ್ತ್ರಾಗಾರದಲ್ಲಿ, ಎಣ್ಣೆ ಬಟ್ಟೆ ಹಿಡಿದು. ನಿವೃತ್ತಿಯಾದ ಮೇಲೂ ತಿಂಗಳಿಗೆ ಒಬ್ಬರಾದರೂ ಇದೇ ಪ್ರಶ್ನೆ ಕೇಳುತ್ತಾರೆ, ಎಲ್ಲರೂ ‘ಯಾವುದು’ ಎಂದೇ ಕೇಳುತ್ತಾರೆ. ಈ ಸಲ ಸ್ವಂತ ಅಕ್ಕನ ಮನೆಯಾದ್ದರಿಂದ ಮೊದಲಿಂದ ಕೊನೆಯವರೆಗೆ, ಸುಮಾರು ಒಂದು ವರ್ಷ, ಜೊತೆಗೇ ನಿಂತು ನೋಡಿದೆ. ಆ ವರ್ಷದ ಲೆಕ್ಕ ಇದು.

ಮೊದಲ ಕೆಲಸಕ್ಕೂ ಕೋವಿಗೂ ಸಂಬಂಧವಿರಲಿಲ್ಲ. ‘ದೂರು ಕೊಟ್ಟಿರಾ?’ ಎಂದು ಕೇಳಿದೆ. ಇಲ್ಲ. ಏನೂ ಕಳುವಾಗಿಲ್ಲವಲ್ಲ, ಸುಮ್ಮನೆ ಠಾಣೆ ಯಾಕೆ ಎಂದು ಬಿಟ್ಟಿದ್ದರು. ಹೊರಟು ಬಂದು ಇಬ್ಬರನ್ನೂ ಕರೆದುಕೊಂಡು ಹೋಗಿ ದೂರು ಬರೆಸಿದೆ, ಬಾಗಿಲ ಕಲೆಯ ಫೋಟೋ ಕೊಟ್ಟೆ, ಸ್ವೀಕೃತಿ ಪಡೆದೆವು. ನಮ್ಮ ಕಡೆಯ ಜನ ಇಲ್ಲೇ ಎಡವುವುದು. ಜೀವಭಯ ಇದೆ ಎಂದು ಅರ್ಜಿಯಲ್ಲಿ ಬರೆಯುತ್ತಾರೆ, ಭಯ ಹುಟ್ಟಿಸಿದ ಘಟನೆಗೆ ಒಂದು ಹಾಳೆ ಕಾಗದವೂ ಇರುವುದಿಲ್ಲ.

ಇದಕ್ಕೆ ಕಾನೂನಿನ ಹಿನ್ನೆಲೆ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಎಲ್ಲ ಕೋವಿಗಳನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರುಗಳಿಲ್ಲದ ನಯವಾದ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ಬೆಳೆ ಕಾಯಲು ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿ ಕೇಳಿದರೆ, ಅರ್ಜಿದಾರನ ಮೇಲೆ ಬೇರೆ ಆಕ್ಷೇಪವಿಲ್ಲದಿದ್ದಲ್ಲಿ ಅಧಿಕಾರಿ ಪರವಾನಗಿ ಕೊಡಬೇಕು ಎಂಬ ಧಾಟಿ ಅಲ್ಲಿದೆ. ರಿವಾಲ್ವರು, ಪಿಸ್ತೂಲು ಕೇಳಿದರೆ ಹಾಗಲ್ಲ. ‘ಸಕಾರಣ’ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಅಡಿಕೆ, ಕಾಫಿ ತೋಟದವರ ಮನೆಗಳಲ್ಲಿ ಉದ್ದ ಕೋವಿ ಸಾಮಾನ್ಯವಾಗಿ, ಸಣ್ಣದು ಅಪರೂಪವಾಗಿ ಇರುವುದಕ್ಕೆ ಇದೂ ಒಂದು ಕಾರಣ.

ಜೂನ್ ಮೊದಲ ವಾರ ಕೋವಿ ವಾಪಸ್ ಬಂತು. ಅದನ್ನು ತರಲು ಹೋದ ದಿನವೇ ಭಾವನಿಗೆ ಹೇಳಿದೆ: ‘ರಿವಾಲ್ವರ್ ತಗೊಂಡರೂ ಮುಂದಿನ ಚುನಾವಣೆಗೆ ಅದೂ ಇದರ ಪಕ್ಕದಲ್ಲೇ ಠಾಣೆಯಲ್ಲಿ ಕೂರುತ್ತದೆ, ಭಾವ.’ ಚುನಾವಣಾ ಆಯೋಗದ ಸೂಚನೆಯಂತೆ ಯಾರ ಕೋವಿ ಒಪ್ಪಿಸಿಕೊಳ್ಳಬೇಕು ಎಂದು ತೀರ್ಮಾನಿಸಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರುತ್ತದೆ, ಕಾರಣ ಕೊಟ್ಟು ವಿನಾಯಿತಿ ಕೇಳಬಹುದು. ಭಾವ ಯಾವತ್ತೂ ಕೇಳಿದವರಲ್ಲ. ಕೇಳಬಹುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಜೂನ್ ತಿಂಗಳ ಒಂದು ಇಡೀ ದಿನ ಆ ಮನೆಯನ್ನು ಅಳೆದೆ. ನನ್ನ ಮಟ್ಟಿಗೆ ಈ ಪ್ರಕರಣದ ಹೃದಯ ಅದೇ ದಿನ. ಹಂಚಿನ ಮನೆ, ಹೊರಗಿನ ಗೋಡೆಗಳು ಎರಡಡಿ ದಪ್ಪದ ಮಣ್ಣಿನವು, ಒಳಗೆ ಮಾತ್ರ ಹಲಗೆಯ ಅಡ್ಡಗೋಡೆಗಳು. ಭಾವ, ಅಕ್ಕ ಮಲಗುವ ಕೋಣೆಯಿಂದ ಹಿಂಬಾಗಿಲಿಗೆ ಒಂಬತ್ತು ಹೆಜ್ಜೆ. ಅಷ್ಟು ದೂರದಲ್ಲಿ, ಐದಾರು ಮೀಟರಿನಲ್ಲಿ, ತೋಟೆಯ ಚರೆ ಅಂಗೈಯಗಲಕ್ಕಿಂತ ಹೆಚ್ಚು ಹರಡುವುದಿಲ್ಲ. ‘ಜೋಡುನಳಿಗೆಗೆ ಗುರಿಯೇ ಬೇಡ, ಆ ಕಡೆ ತಿರುಗಿಸಿದರೆ ಸಾಕು’ ಎನ್ನುವ ಮಾತು ಹೊರಗೆ ಹಂದಿಯ ಹಿಂಡಿಗೆ ಸ್ವಲ್ಪ ಸರಿ, ಮನೆಯೊಳಗೆ ಪೂರ್ತಿ ತಪ್ಪು. ಕೋಣೆಯ ಬಾಗಿಲಲ್ಲಿ ನಿಂತು ಹಿಂಬಾಗಿಲ ಕಡೆ ದಾರ ಎಳೆದೆವು. ದಾರ ನೇರವಾಗಿ ಹೋಗಿ ಮುಟ್ಟಿದ್ದು ಅತ್ತೆಯ ಕೋಣೆಯ ಹಲಗೆ ಗೋಡೆಯನ್ನು, ಅವರ ಮಂಚದ ತಲೆಯ ಕಡೆಯನ್ನು.

ಭಾವ ಆ ದಾರ ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಒಂದಿಂಚಿನ ಹಲಗೆ ರಿವಾಲ್ವರಿನ ಸೀಸದ ಗುಂಡನ್ನು ತಡೆಯುತ್ತದೆಂದು ನಂಬಿ ಕೂರುವಂತಿಲ್ಲ, ಜೋಡುನಳಿಗೆಯ ದಪ್ಪ ಚರೆಯನ್ನಂತೂ ಅಲ್ಲವೇ ಅಲ್ಲ. ಹಾಗಾಗಿ ಮೊದಲು ಬದಲಾದದ್ದು ಮಂಚ. ಅತ್ತೆಯನ್ನು ಮಣ್ಣು ಗೋಡೆಯ ದೇವರ ಕೋಣೆಯ ಪಕ್ಕಕ್ಕೆ ಒಪ್ಪಿಸಿ ಕರೆದೊಯ್ಯಲು ಎರಡು ವಾರ ಬೇಕಾಯಿತು. ಐವತ್ತು ವರ್ಷ ಮಲಗಿದ ಜಾಗ ಅದು.

ಆಮೇಲೆ ಕತ್ತಲೆಯಲ್ಲಿ ಒಂದು ಪರೀಕ್ಷೆ ಮಾಡಿದೆವು. ರಾತ್ರಿ ಮೇನ್ ಸ್ವಿಚ್ ತೆಗೆದು, ಮಲಗಿದ್ದ ಭಾವನಿಗೆ ‘ಬಾಗಿಲು’ ಎಂದು ಕೂಗಿ, ಗಡಿಯಾರ ಹಿಡಿದು ನಿಂತೆ. ಕನ್ನಡಕ ಹುಡುಕಿ, ಬೀರುವಿನ ಕೀಲಿ ಹುಡುಕಿ, ಕೋವಿ ತೆಗೆದು, ಅಟ್ಟದ ಮೆಟ್ಟಿಲ ಕೆಳಗಿನ ಡಬ್ಬಿಯಿಂದ ತೋಟೆ ತರುವಷ್ಟರಲ್ಲಿ ಎರಡು ನಿಮಿಷ ಹತ್ತು ಸೆಕೆಂಡ್ ಆಗಿತ್ತು. ಆ ಮೂವರು ತಂದಿದ್ದ ಸಲಾಕೆಗೆ ಅಗಳಿ ಎರಡು ನಿಮಿಷ ನಿಂತಿದ್ದರೆ ಅದೇ ಹೆಚ್ಚು. ಭಾವನ ಮನಸ್ಸಿನಲ್ಲಿ ಇದಕ್ಕೆ ಪರಿಹಾರ ದಿಂಬಿನ ಕೆಳಗಿನ ಸಣ್ಣ ಪಿಸ್ತೂಲು. ನನಗೆ ಮಾತ್ರ ದಿಂಬಿನ ಕೆಳಗೆ ತುಂಬಿದ ಪಿಸ್ತೂಲು ಎಂದ ಕೂಡಲೇ ಕಣ್ಣ ಮುಂದೆ ಬಂದದ್ದು ಮೈಸೂರಿನಿಂದ ರಜೆಗೆ ಬರುವ ಮೊಮ್ಮಗ. ಆರು ವರ್ಷದವನು, ಅಜ್ಜನ ಹಾಸಿಗೆಯ ಮೇಲೆಯೇ ಕುಣಿಯುವವನು. ಶಸ್ತ್ರಾಗಾರದಲ್ಲಿ ಇದ್ದವನಿಗೆ ಈ ವಿಷಯದಲ್ಲಿ ಎರಡು ಮಾತಿಲ್ಲ. ತುಂಬಿದ ಕೋವಿ ಒಂದೋ ಕೈಯಲ್ಲಿರಬೇಕು, ಇಲ್ಲವೇ ಬೀಗದೊಳಗಿರಬೇಕು.

ಹಾಗಾದರೆ ಯಾವುದು?

ಆಗಸ್ಟಿನಲ್ಲಿ ಮೂವರೂ ಬೆಂಗಳೂರಿಗೆ ಹೋದೆವು. ಪರವಾನಗಿ ಇಲ್ಲದೆ ಕೊಳ್ಳಲಾಗದು, ಆದರೆ ಅಂಗಡಿಯಾತ ಹಳೆಯ ಪರಿಚಯದವರು, ಖಾಲಿ ಕೋವಿಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ಆಯ್ಕೆಯ ಹಾದಿ ಕಿರಿದು. ಪೊಲೀಸರು, ಸೈನಿಕರು ಹಿಡಿಯುವ 9 ಎಂಎಂ ನಿಷೇಧಿತ ಬೋರು (ಬೋರು ಎಂದರೆ ನಳಿಗೆಯ ಒಳಗಿನ ಅಗಲ), ಅದರ ಮಾತೇ ಇಲ್ಲ. ಉಳಿಯುವುದು ಬಹುಮಟ್ಟಿಗೆ .32 ಬೋರು, ಅದರ ಕೆಳಗೆ .22. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ದಶಕಗಳಿಂದ ಇದೆ: ಮೂರಿಂಚಿನ ಆಸುಪಾಸಿನ ನಳಿಗೆ, ಆರು ತೋಟೆ, ಮುಕ್ಕಾಲು ಕಿಲೋಗೆ ಹತ್ತಿರದ ತೂಕ. ಅದನ್ನೇ ಹಗುರ ಮಾಡಿ, ಟೈಟಾನಿಯಂ ಮಿಶ್ರಲೋಹದಲ್ಲಿ, ಹೆಂಗಸರಿಗೆಂದು 2014ರ ಜನವರಿಯಲ್ಲಿ ತಂದದ್ದು ‘ನಿರ್ಭೀಕ್’. ತೂಕ ಅರ್ಧ ಕಿಲೋ ಆಸುಪಾಸು, ಆಗಿನ ಬೆಲೆಯೇ ಸುಮಾರು 1.22 ಲಕ್ಷ ರೂಪಾಯಿ. ಕಾರ್ಖಾನೆಗಳು 2021ರಲ್ಲಿ ಕಂಪನಿಗಳಾದ ಮೇಲೆ 2023ರಲ್ಲಿ ‘ಪ್ರಬಲ್’ ಎಂಬ ಇನ್ನೊಂದು .32 ರಿವಾಲ್ವರ್ ಬಂತು, 50 ಮೀಟರ್ ದೂರಕ್ಕೆ ಎಂದು ತಯಾರಕರೇ ಹೇಳುತ್ತಾರೆ. ಪಿಸ್ತೂಲಿನಲ್ಲಿ ‘ಅಶನಿ’, ಅದೂ .32, ಆದರೆ ತೋಟೆ ಬೇರೆ. ರಿವಾಲ್ವರಿನ .32 ತೋಟೆ ಪಿಸ್ತೂಲಿಗೆ ಆಗದು, ಪಿಸ್ತೂಲಿನದು ರಿವಾಲ್ವರಿಗೆ ಎಂದು ಕೊಳ್ಳಬಾರದು. ಬೋರಿನ ಸಂಖ್ಯೆ ಒಂದೇ ಎಂದು ಮೋಸ ಹೋಗುವವರನ್ನು ಕಂಡಿದ್ದೇನೆ.

ಭಾವ ಅಂಗಡಿಗೆ ಕಾಲಿಟ್ಟಾಗಲೇ ನಿರ್ಭೀಕ್ ಕಡೆ ಕಣ್ಣು ಹಾಕಿದ್ದರು. ಹಗುರ, ಚಂದ, ಜೇಬಿಗೆ ಹಿಡಿಯುತ್ತದೆ. ‘ಸಣ್ಣದಾದಷ್ಟೂ ಸುಲಭ ಅಲ್ಲವೇನೋ?’ ಎಂದರು. ಕೋವಿಯ ವಿಷಯದಲ್ಲಿ ಅತಿ ಹೆಚ್ಚು ಜನ ತಪ್ಪುವುದು ಈ ಒಂದು ನಂಬಿಕೆಯಿಂದ, ಅದಕ್ಕೇ ಅಲ್ಲೇ ಮೇಜಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಗುರಿ ಹಿಡಿಯುವುದು ಹಿಂದಿನ ಕಿಂಡಿ ಮತ್ತು ಮುಂದಿನ ಮೊನೆ ಇವೆರಡನ್ನು ಒಂದೇ ಸಾಲಿಗೆ ತಂದು. ಜೋಡುನಳಿಗೆಯಲ್ಲಿ ಆ ಸಾಲಿನ ಉದ್ದ ಹತ್ತಿರ ಹತ್ತಿರ 70 ಸೆಂಟಿಮೀಟರ್, ಸಣ್ಣ ರಿವಾಲ್ವರಿನಲ್ಲಿ 12 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಕೈ ನಡುಗಿ ಮೊನೆ ಒಂದೇ ಒಂದು ಮಿಲಿಮೀಟರ್ ಸರಿದರೆ, ಏಳು ಮೀಟರ್ ದೂರದಲ್ಲಿ ಉದ್ದ ಕೋವಿಯ ಈಡು ಒಂದು ಸೆಂಟಿಮೀಟರ್ ತಪ್ಪುತ್ತದೆ, ಸಣ್ಣದರದು ಸುಮಾರು ಆರು ಸೆಂಟಿಮೀಟರ್. ಭಯಬಿದ್ದ ಕೈ ಒಂದು ಮಿಲಿಮೀಟರಿಗೆ ನಿಲ್ಲುವುದಿಲ್ಲ. ಉದ್ದ ಕೋವಿಗೆ ಭುಜದ ಆಸರೆ ಇದೆ, ಕೆನ್ನೆಯ ಆಸರೆ ಇದೆ, ಎರಡು ಕೈ ದೂರ ದೂರ ಹಿಡಿಯುತ್ತವೆ. ರಿವಾಲ್ವರಿಗೆ ಇರುವುದು ಮಣಿಕಟ್ಟು ಮಾತ್ರ. ತೂಕ ಕಡಿಮೆಯಾದಷ್ಟೂ ಅದೇ ತೋಟೆಯ ಒದೆತ ಕೈಗೆ ಹೆಚ್ಚು ತಾಗುತ್ತದೆ, ಎರಡನೇ ಈಡಿಗೆ ಗುರಿ ಮರಳಿ ಬರುವುದು ತಡವಾಗುತ್ತದೆ. ಸಣ್ಣ ಕೋವಿಯ ಒಳ್ಳೆಯತನ ಬೇರೆ. ಇಕ್ಕಟ್ಟಿನ ಜಾಗದಲ್ಲಿ ತಿರುಗುತ್ತದೆ, ಒಂದು ಕೈ ಬಾಗಿಲಿಗೋ ಟಾರ್ಚಿಗೋ ಬಿಡುವಾಗಿರುತ್ತದೆ, ಎದುರಿನವನು ನಳಿಗೆ ಹಿಡಿದು ಕಸಿಯುವುದು ಕಷ್ಟ, ಸಣ್ಣ ಪೆಟ್ಟಿಗೆಯಲ್ಲಿ ಬೀಗ ಹಾಕಿ ಮಂಚದ ಹತ್ತಿರವೇ ಇಡಬಹುದು. ಈ ಮನೆಗೆ ಕೊನೆಯ ಗುಣವೇ ಮುಖ್ಯವಾಗಿತ್ತು.

ಅಕ್ಕನ ಸರದಿ ಬಂತು. ಅವಳಿಗೆ 57, ಬಲಗೈ ಮಣಿಕಟ್ಟಿನಲ್ಲಿ ನಾಲ್ಕು ವರ್ಷದಿಂದ ಸಂಧಿವಾತ. ಪಿಸ್ತೂಲಿನ ಸ್ಲೈಡನ್ನು, ಅಂದರೆ ಹಿಂದೆ ಮುಂದೆ ಜಾರುವ ಮೇಲಿನ ಭಾಗವನ್ನು, ಹಿಂದಕ್ಕೆ ಎಳೆಯಲು ಮೂರು ಸಲ ನೋಡಿದಳು, ಅರ್ಧಕ್ಕೇ ಬೆರಳು ಜಾರಿತು. ರಿವಾಲ್ವರಿನ ಟ್ರಿಗರನ್ನು ಹ್ಯಾಮರ್ ಎತ್ತದೆ ಒಂದೇ ಎಳೆತದಲ್ಲಿ ಎಳೆಯಲು ಹೇಳಿದೆ. ಎಳೆಯುವಷ್ಟರಲ್ಲಿ ನಳಿಗೆಯ ತುದಿ ನನ್ನ ಅಂಗೈಯಷ್ಟು ಕೆಳಕ್ಕೆ ವಾಲಿತ್ತು. ಇಂಥ ರಿವಾಲ್ವರುಗಳಲ್ಲಿ ಆ ಎಳೆತಕ್ಕೆ ಐದಾರು ಕಿಲೋ ತೂಕ ಎತ್ತುವಷ್ಟು ಬಲ ಒಂದೇ ಬೆರಳಿಗೆ ಬೇಕು. ‘ನಾನು ಹಾಲು ಕರೆಯೋದೇ ಬಿಟ್ಟಿದೀನಿ ಈ ಕೈಯಿಂದ’ ಎಂದು ಮೇಜಿನ ಮೇಲೆ ಇಟ್ಟುಬಿಟ್ಟಳು. .22 ರಿವಾಲ್ವರ್ ಇನ್ನೂ ಸಣ್ಣದು, ಕಾಲು ಕಿಲೋ ತೂಕದ್ದೂ ಇದೆ, ಒದೆತ ಇಲ್ಲವೆನ್ನುವಷ್ಟು ಕಡಿಮೆ. ಆದರೆ ತೋಟೆಯ ಅಂಚನ್ನು ಜಜ್ಜಿ ಸಿಡಿಸುವ ಆ ಸಣ್ಣ ತೋಟೆಗಳು .32ಕ್ಕಿಂತ ಹೆಚ್ಚು ಸಲ ಸಿಡಿಯದೆ ಕೈಕೊಡುವುದನ್ನು ನಾನು ಮೈದಾನದಲ್ಲಿ ಕಂಡವನು, ಪೆಟ್ಟಿನ ಬಲವೂ ತೀರಾ ಕಡಿಮೆ. ಅಕ್ಕನ ಕೈಗೆ ಅದನ್ನು ಕೊಟ್ಟು ಧೈರ್ಯವಾಗಿರು ಎನ್ನಲು ನನಗೆ ಮನಸ್ಸು ಬರಲಿಲ್ಲ.

ಹಗಲಿಡೀ ಮನೆಯಲ್ಲಿ ಅತ್ತೆಯ ಜೊತೆ ಒಬ್ಬಳೇ ಇರುವವಳು ಅಕ್ಕ. ಭಾವ ತೋಟದಲ್ಲಿರುತ್ತಾರೆ, ವಾರಕ್ಕೆರಡು ದಿನ ಪೇಟೆ. ಪರವಾನಗಿ ಯಾರ ಹೆಸರಿಗೋ ಕೋವಿ ಅವರ ಕೈಗೆ ಮಾತ್ರ. ಭಾವನ ರಿವಾಲ್ವರನ್ನು ಅಕ್ಕ ಬಳಸಬೇಕಾದರೆ ಅವಳ ಹೆಸರಿಗೇ ಕಾನೂನಿನ ಅನುಮತಿ ಬೇಕು, ತರಬೇತಿ ಬೇಕು, ವೈದ್ಯರ ಪ್ರಮಾಣಪತ್ರ ಬೇಕು. ಆ ಮಣಿಕಟ್ಟಿಗೆ ಯಾವ ವೈದ್ಯರು ಸಹಿ ಹಾಕಬೇಕು? ಅಂಗಡಿಯಿಂದ ಹೊರಗೆ ಬಂದು ಕಾಫಿ ಕುಡಿಯುವಾಗ ಅಕ್ಕನೇ ತೀರ್ಮಾನ ಮಾಡಿದಳು: ‘ಇವರಿಗೆ ಬೇಕಾದ್ದು ಇವರು ತಗೊಳ್ಳಲಿ. ನನಗೆ ಬಾಗಿಲು ಗಟ್ಟಿ ಮಾಡಿಸಿ, ಕೂಗಿದರೆ ಕೆಲಸದವರ ಲೈನ್ ಮನೆಗೆ ಕೇಳುವ ಹಾಗೆ ಏನಾದರೂ ಮಾಡು.’

ಭಾವನಿಗೆ ನಾನು ಹೇಳಿದ್ದು ಉಕ್ಕಿನ ಮೈಯ ಭಾರದ .32 ರಿವಾಲ್ವರ್. ಅವರು ವರ್ಷಕ್ಕೆ ನೂರಿನ್ನೂರು ಈಡು ಹೊಡೆದು ಪಳಗುವವರಲ್ಲ. ಪಿಸ್ತೂಲಿನಲ್ಲಿ ಮ್ಯಾಗಜೀನ್, ಸ್ಲೈಡ್, ಸೇಫ್ಟಿ, ಚೇಂಬರಿನಲ್ಲಿ ತೋಟೆ ಇದೆಯೋ ಇಲ್ಲವೋ ಎಂಬ ಗುಮಾನಿ, ನಿದ್ದೆಗಣ್ಣಿನವನಿಗೆ ಇಷ್ಟೆಲ್ಲ ಹೆಚ್ಚು. ಮ್ಯಾಗಜೀನ್ ತೆಗೆದು ಖಾಲಿ ಎಂದುಕೊಂಡು ಒಳಗುಳಿದ ಒಂದು ತೋಟೆಯಿಂದ ಅನಾಹುತ ಮಾಡಿಕೊಂಡವರು ಸಮವಸ್ತ್ರದಲ್ಲೂ ಇದ್ದಾರೆ. ರಿವಾಲ್ವರನ್ನು ತೆರೆದರೆ ಆರೂ ಗೂಡು ಕಣ್ಣಿಗೆ ಕಾಣುತ್ತವೆ. ಒಂದು ತೋಟೆ ಸಿಡಿಯದಿದ್ದರೆ ಇನ್ನೊಮ್ಮೆ ಎಳೆದರೆ ಸಾಕು, ಮುಂದಿನ ಗೂಡು ತಿರುಗಿ ಬರುತ್ತದೆ. ಪಳಗಿದವರಿಗೆ ಪಿಸ್ತೂಲು ಉತ್ತಮ ಎಂದು ವಾದಿಸುವ ಸಹೋದ್ಯೋಗಿಗಳು ನನಗಿದ್ದಾರೆ, ಅವರ ವಾದ ಪಳಗಿದವರ ಮಟ್ಟಿಗೆ ಸರಿ.

ನಡುವೆ ವಿರಾಜಪೇಟೆಯ ಕಡೆಯ ಭಾವನ ಗೆಳೆಯರೊಬ್ಬರು ಬಂದಿದ್ದರು. ‘ನಮ್ಮಲ್ಲಿ ಪರವಾನಗಿಯೇ ಬೇಡ ನೋಡಿ’ ಎಂದರು. ನಿಜ, ಕೊಡವರಿಗೆ ಮತ್ತು ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಒಂದು ರೈಫಲಿಗೋ ಒಂದು ನಯನಳಿಗೆಯ ಕೋವಿಗೋ ಸಂಬಂಧಿಸಿದ್ದು. ರಿವಾಲ್ವರಿಗೆ ಅವರೂ ನಮ್ಮ ಹಾಗೆಯೇ ಅರ್ಜಿ ಹಾಕಬೇಕು. ಕೊಡವರ ಆಯುಧಗಳ ಹಬ್ಬ ಕೈಲ್‌ಪೊಳ್ದಿನ ದಿನ ಹೂವಿಟ್ಟು ಪೂಜೆ ಮಾಡುವ ಕೋವಿ ಉದ್ದದ್ದು, ಮನೆತನದ್ದು. ಸೊಂಟಕ್ಕೆ ಸಿಕ್ಕಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ಹಾಕಿದ್ದು ಸೆಪ್ಟೆಂಬರಿನಲ್ಲಿ. ಈಗ ಆನ್‌ಲೈನ್, ಪ್ರತಿ ಪರವಾನಗಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ಸಂಖ್ಯೆ ಇರುತ್ತದೆ. ಎ-1 ನಮೂನೆಯ ಅರ್ಜಿ, ಸುರಕ್ಷತಾ ತರಬೇತಿಯ ಎಸ್-1, ಮನೆಯಲ್ಲಿ ಹೇಗೆ ಇಡುತ್ತೇನೆ ಎಂಬ ಮುಚ್ಚಳಿಕೆ ಎಸ್-2, ವೈದ್ಯರ ಎಸ್-3. ತರಬೇತಿಯನ್ನು ಭಾವ ಜುಲೈನಲ್ಲೇ ಮುಗಿಸಿದ್ದರು. ನಮ್ಮ ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳಿವೆ. ನಲವತ್ತು ವರ್ಷ ಕೋವಿ ಹಿಡಿದ ನನಗೇನು ತರಬೇತಿ ಎಂದು ಗೊಣಗುತ್ತಲೇ ಹೋದವರು, ಟ್ರಿಗರಿನ ಮೇಲೆ ಬೆರಳಿಟ್ಟುಕೊಂಡೇ ನಡೆಯುವ ಚಟ ತಮಗಿದೆ ಎಂದು ಮೊದಲ ದಿನವೇ ಬೈಸಿಕೊಂಡು ಬಂದರು. ಬಂದ ಮೇಲೆ ಆ ಚಟ ಬಿಟ್ಟರು.

ಅರ್ಜಿಯ ಹಾದಿಯಲ್ಲಿ ಯಾರೂ ಎಣಿಸದಿದ್ದ ಒಂದು ಕಲ್ಲು ಸಿಕ್ಕಿತು. ಭಾವನ ಹೆಸರಲ್ಲಿ ಆಗಲೇ ಎರಡು ಕೋವಿ ಇದ್ದವು. ಜೋಡುನಳಿಗೆ ಒಂದು, ಅವರ ಅಜ್ಜನ ಕೇಪಿನ ಕೋವಿ ಇನ್ನೊಂದು. ಹಿಂದೆ ಒಬ್ಬರಿಗೆ ಮೂರರವರೆಗೆ ಅವಕಾಶವಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿದೆ. ಜೊತೆಗೆ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು, ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಜೈಲು ಇಟ್ಟಿತು. ಅಂದರೆ ರಿವಾಲ್ವರ್ ಬರಬೇಕಾದರೆ ಎರಡರಲ್ಲಿ ಒಂದು ಹೋಗಬೇಕು. ಜೋಡುನಳಿಗೆ ಹಂದಿಗೆ, ಮಂಗನ ಕಾಟಕ್ಕೆ ಬೇಕು. ಹೋಗಬೇಕಾದದ್ದು ಅಜ್ಜನದು.

ಬೀಟೆ ಹಿಡಿಯ, ಹಿತ್ತಾಳೆ ಪಟ್ಟಿಯ ಕೋವಿ ಅದು. ಮೂವತ್ತು ವರ್ಷದಿಂದ ಒಂದು ಈಡೂ ಹಾರಿಲ್ಲ, ಆಯುಧಪೂಜೆಗೆ ಮಾತ್ರ ಇಳಿಯುತ್ತದೆ. ಮಗಳ ಹೆಸರಿಗೆ ವರ್ಗ ಮಾಡೋಣವೆಂದರೆ ಅವಳು ಮೈಸೂರಿನ ಬಾಡಿಗೆ ಮನೆಯಲ್ಲಿ ಕೋವಿ ಇಡಲಾರೆ ಎಂದಳು, ಅವಳ ಮಾತೂ ಸರಿ. ಭಾವ ಮೂರು ತಿಂಗಳು ಸುಮ್ಮನಿದ್ದರು. ಒಮ್ಮೆ ಅರ್ಜಿಯನ್ನೇ ಹಿಂತೆಗೆಯುತ್ತೇನೆ ಎಂದರು. ನಾನು ಒತ್ತಾಯ ಮಾಡಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಬಾಗಿಲು, ಬೆಳಕಿನ ಕೆಲಸ ಮುಗಿದಿತ್ತು, ರಿವಾಲ್ವರ್ ಇಲ್ಲದೆಯೂ ಆ ಮನೆ ಮೇ ತಿಂಗಳಲ್ಲಿ ಇದ್ದ ಮನೆಯಾಗಿರಲಿಲ್ಲ. ಡಿಸೆಂಬರಿನಲ್ಲಿ ಅವರೇ ಕೋವಿಯನ್ನು ಎಣ್ಣೆ ಹಚ್ಚಿ ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಪರವಾನಗಿಯುಳ್ಳ ಡೀಲರಿಗೆ ಒಪ್ಪಿಸಿ ರಸೀದಿ ತಂದರು. ಅಂದು ರಾತ್ರಿ ಊಟ ಮಾಡಲಿಲ್ಲವಂತೆ.

2025ರ ಫೆಬ್ರುವರಿಯಲ್ಲಿ ಪರವಾನಗಿ ಬಂತು. ದೂರಿನ ಪ್ರತಿ, ಒಂಟಿ ಮನೆ, ಹತ್ತಿರದ ಮನೆಗೆ ಇರುವ ದೂರ, ವಯಸ್ಸಾದವರಿರುವುದು, ಪೊಲೀಸ್ ವರದಿಯಲ್ಲಿ ಎಲ್ಲವೂ ದಾಖಲಾಗಿತ್ತು. ಮಾರ್ಚಿನಲ್ಲಿ ರಿವಾಲ್ವರ್ ತಂದರು, ಭಾರದ್ದನ್ನೇ.

ಅಕ್ಕನಿಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ‘ಓಡಿಹೋಗೋ ಕಳ್ಳನಿಗೆ ಇವರು ಹೊಡೆದುಬಿಟ್ಟರೆ?’ ಅವಳಿಗೆ ಗಂಡನ ಸಿಟ್ಟು ಗೊತ್ತು. ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. ಪ್ರಾಣಕ್ಕೋ ತೀವ್ರ ಗಾಯಕ್ಕೋ ಈಗಲೇ ಅಪಾಯವಿದೆ ಎಂದು ಸಕಾರಣವಾಗಿ ಅನ್ನಿಸಿದಾಗ ಹಕ್ಕು ಎದುರಿನವನ ಜೀವ ಹೋಗುವವರೆಗೂ ಚಾಚಬಹುದು. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆ ಒಡೆದು ನುಗ್ಗುವುದನ್ನೂ ಸಂಹಿತೆ ಬೇರೆಯಾಗಿಯೇ ಹೆಸರಿಸಿದೆ. ಆದರೆ ಆ ಹಕ್ಕಿಗೆ 37ನೇ ಕಲಮಿನ ಬೇಲಿ ಇದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕೂ ಇಲ್ಲ. ಬೆನ್ನು ತೋರಿಸಿ ತೋಟಕ್ಕೆ ಓಡುತ್ತಿರುವವನಿಂದ ಮನೆಯವರ ಜೀವಕ್ಕೆ ಅಪಾಯವಿಲ್ಲ, ಅವನ ಮೇಲೆ ಹಾರಿಸಿದ ಗುಂಡಿಗೆ ಭಾವ ಉತ್ತರ ಕೊಡಬೇಕು. ಕಾಫಿ ಮೂಟೆ ಹೊತ್ತೊಯ್ಯುವವನಿಗೂ ಗುಂಡಿಲ್ಲ. ಭಾವ ತಲೆಯಾಡಿಸಿದರು. ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ‘ಬಾಯಿಬಿಟ್ಟು ಹೇಳಿ’ ಎಂದಳು. ಹೇಳಿಸಿಕೊಂಡಳು.

ಆಗಿನಿಂದ ಆ ಮನೆಯ ಕ್ರಮ ಹೀಗಿದೆ. ಸದ್ದಾದರೆ ಯಾರೂ ಬಾಗಿಲ ಕಡೆ ಹೋಗುವುದಿಲ್ಲ. ಅಕ್ಕ ಮೊದಲು ಗುಂಡಿ ಒತ್ತುತ್ತಾಳೆ. ಸೂರಿನ ನಾಲ್ಕು ಮೂಲೆಯ ದೀಪ ಹತ್ತಿ, ಕಣದ ಕಂಬದ ಸೈರನ್ ಕೂಗುತ್ತದೆ. ಎರಡೂ ಬ್ಯಾಟರಿಯವು, ಕರೆಂಟಿನ ಹಂಗಿಲ್ಲ. ಆಮೇಲೆ 112. ಸಿಗ್ನಲ್ ಬಾರದ ರಾತ್ರಿಗೆ ವೈಫೈ ಮೂಲಕ ಕರೆ ಹೋಗುವಂತೆ ರೂಟರಿಗೂ ಬ್ಯಾಟರಿ ಇಟ್ಟಿದೆ. ಅಕ್ಕ ಅತ್ತೆಯ ಕೋಣೆಗೆ ಹೋಗಿ ಒಳಗಿಂದ ಅಗಳಿ ಹಾಕುತ್ತಾಳೆ. ಭಾವ ಪೆಟ್ಟಿಗೆ ತೆರೆದು, ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಅಲ್ಲಿಂದ ಎದುರಿಗೆ ಇರುವುದು ಬರೀ ಮಣ್ಣು ಗೋಡೆ. ಟಾರ್ಚ್ ಎಡಗೈಗೆ. ಮಾತಾಡಿಸದೆ, ಮುಖ ನೋಡದೆ ಬೆರಳು ಟ್ರಿಗರಿಗೆ ಹೋಗಬಾರದು. ಪೆಟ್ಟಿಗೆ ನಾಲ್ಕು ಗುಂಡಿ ಒತ್ತಿ ತೆರೆಯುವ ಉಕ್ಕಿನದು, ಮಂಚದ ತಲೆಯ ಗೋಡೆಗೆ ಬೋಲ್ಟ್ ಹಾಕಿದೆ. ಮತ್ತೆ ಕತ್ತಲೆಯ ಪರೀಕ್ಷೆ ಮಾಡಿದಾಗ ಮೊದಲ ಸಲ 41 ಸೆಕೆಂಡ್, ಹತ್ತನೇ ಸಲಕ್ಕೆ 17.

ಕ್ಲಬ್ಬಿನ ಮೈದಾನದಲ್ಲಿ ಏಳು ಮೀಟರಿಗೆ ಮೊದಲ ದಿನ ಹನ್ನೆರಡು ಈಡಿನಲ್ಲಿ ಐದು ಕಾಗದಕ್ಕೆ ಬಿದ್ದವು. ಹಂದಿಗೆ ತಪ್ಪದ ಕೈ ಎಂದು ಊರಲ್ಲಿ ಹೆಸರಿರುವವರು ಭಾವ, ಅವರಿಗೆ ನಂಬಲಾಗಲಿಲ್ಲ. ಎರಡು ತಿಂಗಳಿಗೊಮ್ಮೆ ಹೋಗುತ್ತಾರೆ, ಈಗ ಹತ್ತಕ್ಕೆ ಬಂದಿದೆ. ಉಳಿದ ದಿನ ಖಾಲಿ ರಿವಾಲ್ವರಿಗೆ ಪ್ಲಾಸ್ಟಿಕ್ಕಿನ ಡಮ್ಮಿ ತೋಟೆ ಹಾಕಿ, ಮೂತಿಯನ್ನು ಮಣ್ಣು ಗೋಡೆಗೆ ತಿರುಗಿಸಿ, ಹತ್ತು ಹದಿನೈದು ಸಲ ಟ್ರಿಗರ್ ಎಳೆಯುತ್ತಾರೆ. ನಿಜ ತೋಟೆ ಆಗ ಬೇರೆ ಕೋಣೆಯಲ್ಲಿರಬೇಕು.

ಮಲೆನಾಡಿನಲ್ಲಿ ಕೋವಿಗೆ ಮಳೆಗಿಂತ ದೊಡ್ಡ ಶತ್ರು ಇಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ. ಚಂದವೆಂದು ಚರ್ಮದ ಚೀಲದಲ್ಲಿಟ್ಟರೆ ಚರ್ಮ ತೇವ ಹೀರಿ ಉಕ್ಕಿಗೆ ಕೊಡುತ್ತದೆ, ತೋಟೆಯ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿಸುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಪೊಟ್ಟಣ, ಹದಿನೈದು ದಿನಕ್ಕೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸುವುದು, ವಾರಕ್ಕೊಮ್ಮೆ ತೆಳ್ಳಗೆ ಎಣ್ಣೆ ಬಟ್ಟೆ. ಗೂಡುಗಳಿಗೆ ಮಾತ್ರ ಎಣ್ಣೆ ಉಳಿಯಬಾರದು, ಅದು ತೋಟೆಯ ಕೇಪಿನೊಳಗೆ ಇಳಿದರೆ ಬೇಕಾದ ಹೊತ್ತಿಗೆ ಸಿಡಿಯದು. ಹಳೆಯ ತೋಟೆಗಳನ್ನು ಮೈದಾನದಲ್ಲಿ ಮುಗಿಸಿ ವರ್ಷಕ್ಕೊಮ್ಮೆ ಹೊಸದು ತುಂಬುವುದು. ಮೊಮ್ಮಗ ಬಂದಾಗ ಪೆಟ್ಟಿಗೆಯ ಸಂಖ್ಯೆ ಬದಲಾಗುತ್ತದೆ, ಇದು ಅಕ್ಕ ಮಾಡಿದ ನಿಯಮ. ಅಜ್ಜ ಸಂಖ್ಯೆ ಒತ್ತುವಾಗ ಅವನು ಹಿಂದೆ ನಿಂತು ಎಣಿಸುತ್ತಿದ್ದುದನ್ನು ಕಂಡವಳು ಅವಳೇ.

ಆ ಮೂವರು ಯಾರೆಂದು ಇನ್ನೂ ಗೊತ್ತಾಗಿಲ್ಲ.

ಅಕ್ಕ ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ಅವಳ ಗುಂಡಿ ಅಡುಗೆಮನೆಯ ಬಾಗಿಲ ಪಕ್ಕ ಒಂದು, ಮಂಚದ ಹತ್ತಿರ ಒಂದು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಒತ್ತಿ ನೋಡುತ್ತಾಳೆ. ಲೈನ್ ಮನೆಯವರು, ತೋಟದ ರೈಟರು, ಹಳ್ಳದ ಆಚೆಯ ಮೈದುನನ ಮನೆಯವರು ಎಲ್ಲ ಓಡಿ ಬರುತ್ತಾರೆ, ಎಷ್ಟು ನಿಮಿಷಕ್ಕೆ ಯಾರು ಬಂದರು ಎಂದು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾಳೆ. ಕಳೆದ ಸಲ ಮೊದಲು ಬಂದವರಿಗೆ ನಾಲ್ಕು ನಿಮಿಷ ಹಿಡಿದಿತ್ತು. ಬಂದವರಿಗೆಲ್ಲ ಕಾಫಿ, ಅಕ್ಕಿ ರೊಟ್ಟಿ.